ತಿಮಿಂಗಿಲಗಳ ಮೈಮೇಲೆ ಕಾಣುವ ದುಂಡನೆಯ ಗಾಯ ಯಾರ ಕೆಲಸ?

ಹೆಚ್ಚಾಗಿ ಕುಕೀಕಟರ್ ಶಾರ್ಕ್‌ನದು. ನೋಡಲು ಅರ್ಧ ಮೀಟರ್ ಆಸುಪಾಸಿನ ಪುಟ್ಟ ಮೀನು. ಹಗಲೆಲ್ಲ ಸಮುದ್ರದ ಆಳದಲ್ಲಿದ್ದು, ರಾತ್ರಿ ಮೇಲಕ್ಕೆ ಬರುತ್ತದೆ. ತುಟಿಗಳನ್ನು ಬೇಟೆಯ ಮೈಗೆ ಒತ್ತಿ, ಹೀರಿ ಅಂಟಿಕೊಳ್ಳುತ್ತದೆ. ಮೇಲಿನ ಸಣ್ಣ ಹಲ್ಲುಗಳು ಹಿಡಿದುಕೊಳ್ಳಲು, ಕೆಳಗಿನ ದೊಡ್ಡವು ಗರಗಸದಂತೆ ಕೊಯ್ಯಲು. ಮೈ ತಿರುಚಿದರೆ ದುಂಡನೆಯ ಮಾಂಸದ ತುಂಡು ಬಾಯಿಗೆ! ದೊಡ್ಡ ಪ್ರಾಣಿಗಳು ಇದರಿಂದ ಸಾಮಾನ್ಯವಾಗಿ ಸಾಯುವುದಿಲ್ಲ, ಗಾಯ ಮಾಯುತ್ತದೆ. ಡಾಲ್ಫಿನ್, ಟ್ಯೂನಾ, ಬೇರೆ ಶಾರ್ಕ್‌ಗಳನ್ನೂ ಇದು ಬಿಡುವುದಿಲ್ಲ. ಅಷ್ಟೇಕೆ, 1970ರ ದಶಕದಲ್ಲಿ ಅಮೆರಿಕದ ಜಲಾಂತರ್ಗಾಮಿಗಳ ಸೋನಾರ್ (ಶಬ್ದದ ಅಲೆಗಳಿಂದ ಸುತ್ತಲಿನದನ್ನು ಪತ್ತೆಹಚ್ಚುವ ಸಾಧನ) ಮೇಲಿನ ರಬ್ಬರ್ ಹೊದಿಕೆಯನ್ನೂ ಕಚ್ಚಿ ಕೆಡಿಸಿತ್ತು. ನನಗೆ ಜಾಸ್ತಿ ವಿಚಿತ್ರ ಅನಿಸುವುದು ಬೇರೆ: ಇದರ ಕೆಳಗಿನ ಹಲ್ಲುಗಳು ಸಾಲಾಗಿ ಒಟ್ಟಿಗೇ ಉದುರುತ್ತವೆ, ಅವನ್ನೂ ಅದೇ ನುಂಗುತ್ತದೆ. ಕ್ಯಾಲ್ಸಿಯಂ ಸುಮ್ನೆ ಹಾಳಾಗುವುದೇಕೆ, ಅಲ್ವಾ?