ಫೋರ್ಸ್ ಫೀಡ್‌ಬ್ಯಾಕ್ ಸ್ಟೀರಿಂಗ್ ವೀಲ್: ಯಾವುದನ್ನು ಆರಿಸುವುದು, ಸೆಟ್ಟಿಂಗ್ ಹೇಗೆ ಕೂರಿಸುವುದು?

ರೇಸಿಂಗ್ ಗೇಮ್ ಆಡಲು ಕಂಟ್ರೋಲರ್ ಬಿಟ್ಟು ಮೊದಲ ಸಲ ಸ್ಟೀರಿಂಗ್ ವೀಲ್, ಅದೂ ಕಾರಿನ ಸ್ಟೀರಿಂಗ್ ಭಾರವನ್ನು ಮೋಟಾರಿನಿಂದ ಕೈಗೆ ಕೊಡುವ ಫೋರ್ಸ್ ಫೀಡ್‌ಬ್ಯಾಕ್ ಇರುವಂಥದ್ದು, ತೆಗೆದುಕೊಳ್ಳೋಣ ಅಂತಿದ್ದೀರಿ. ಎಷ್ಟು ನ್ಯೂಟನ್ ಮೀಟರ್ (ಮೋಟಾರು ತಿರುಗಿಸುವ ಬಲದ ಅಳತೆ) ಇದ್ದರೆ ಸಾಕು, ತಂದ ಮೇಲೆ ಸೆಟ್ಟಿಂಗ್ ಹೇಗೆ ಅನ್ನುವುದು ನಿಮ್ಮ ಪ್ರಶ್ನೆ. ಜೊತೆಗೆ, ಪರಿಚಯದವರ ವೀಲ್‌ನಲ್ಲಿ ಆಡಿ ನೋಡಿದಾಗ “ಫೋರ್ಸ್ ಪೂರ್ತಿ ಇಟ್ಟಿದ್ದರು, ಕೈ ನೋವು ಬಂತೇ ಹೊರತು ಕಾರು ಯಾವಾಗ ಜಾರುತ್ತದೆ ಅಂತ ತಿಳಿಯಲೇ ಇಲ್ಲ” ಅಂತ ಬರೆದಿದ್ದೀರಿ. ಆ ಮಾತಿನಲ್ಲೇ ಮುಕ್ಕಾಲು ಉತ್ತರ ಇದೆ. ಹಾಗಾಗಿ ಮಾಡೆಲ್ ವಿಚಾರಕ್ಕೆ ಮುಂಚೆ ಅದನ್ನೇ ಬಿಡಿಸಿ ಹೇಳುತ್ತೇನೆ.

ತಿರುವಿನಲ್ಲಿ ಸ್ಟೀರಿಂಗ್ ಯಾಕೆ ಭಾರವಾಗುತ್ತದೆ? ಟಯರು ರಸ್ತೆಗೆ ತಾಗಿರುವ ಜಾಗದಲ್ಲಿ ಹುಟ್ಟುವ ಅಡ್ಡ ಬಲ, ಚಕ್ರ ಎಡಬಲಕ್ಕೆ ಹೊರಳುವ ಅಕ್ಷಕ್ಕಿಂತ ತುಸು ಹಿಂದೆ ಬೀಳುತ್ತದೆ. ಆ ಸಣ್ಣ ಅಂತರದಿಂದಾಗಿ ಚಕ್ರ ತಾನಾಗಿಯೇ ನೇರಕ್ಕೆ ಬರಲು ಎಳೆಯುತ್ತದೆ. ನಮ್ಮ ಕೈಗೆ ಸಿಗುವ ಭಾರ ಅದೇ. ಸ್ಟೀರಿಂಗ್ ಇನ್ನಷ್ಟು ತಿರುಗಿಸುತ್ತಾ ಹೋದರೆ ತಾಗಿರುವ ಜಾಗದ ಹಿಂಭಾಗ ಮೊದಲು ಜಾರತೊಡಗುತ್ತದೆ; ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಅಂತರ ಕಡಿಮೆಯಾಗುತ್ತದೆ, ಎಳೆತ ಇಳಿಯುತ್ತದೆ. ಇದರಲ್ಲಿ ನಮಗೆ ಬೇಕಾದ ಸಂಗತಿ ಒಂದಿದೆ. ಟಯರಿನ ಹಿಡಿತ ತನ್ನ ತುದಿ ಮುಟ್ಟುವ ಮುಂಚೆಯೇ ಈ ಎಳೆತ ತನ್ನ ತುದಿ ಮುಟ್ಟಿ ಇಳಿಯಲು ಶುರುವಾಗಿರುತ್ತದೆ. ಅಂದರೆ ಮುಂಭಾಗದ ಟಯರು ಕೈಕೊಡುವ ಮುನ್ನ ಸ್ಟೀರಿಂಗ್ ಹಗುರವಾಗಿ ಸೂಚನೆ ಕೊಡುತ್ತದೆ. ಒಳ್ಳೆಯ ರೇಸಿಂಗ್ ಸಿಮ್ಯುಲೇಟರ್ ಈ ಲೆಕ್ಕವನ್ನೆಲ್ಲ ಮಾಡಿ ವೀಲ್‌ಗೆ ಕಳಿಸುತ್ತಲೇ ಇರುತ್ತದೆ. ಫೋರ್ಸ್ ಫೀಡ್‌ಬ್ಯಾಕ್ ಇರುವುದು ನಿಮ್ಮ ತೋಳಿಗೆ ಕಸರತ್ತು ಮಾಡಿಸಲಿಕ್ಕಲ್ಲ, ಆ ಭಾರ ಏರುವುದು, ಇಳಿಯುವುದು ಕೈಗೆ ತಿಳಿಯಲಿ ಅಂತ.

ಈಗ ನಿಮ್ಮ ಪರಿಚಯದವರ ವೀಲ್‌ಗೆ ಬರೋಣ. ಮೋಟಾರಿಗೆ ಒಂದು ಮಿತಿ ಇದೆ, ಅದನ್ನು ನೂರು ಅಂದುಕೊಳ್ಳಿ. ಗೇನ್, ಅಂದರೆ ಬಲ ಎಷ್ಟಿರಬೇಕು ಅನ್ನುವ ಸೆಟ್ಟಿಂಗ್, ಪೂರ್ತಿ ಏರಿಸಿದರೆ ಸಾಧಾರಣ ತಿರುವಿನಲ್ಲೇ ಗೇಮ್ ನೂರು ಕೇಳಿಬಿಡುತ್ತದೆ. ಜೋರಾದ ತಿರುವಿನಲ್ಲಿ ನೂರ ಐವತ್ತು ಕೇಳುತ್ತದೆ, ಟಯರು ಜಾರುತ್ತಾ ಬಂದಾಗ ಅದು ನೂರ ಇಪ್ಪತ್ತಕ್ಕೆ ಇಳಿಯುತ್ತದೆ. ಆದರೆ ಮೋಟಾರು ಮೂರೂ ಕಡೆ ಕೊಡುವುದು ಬರೀ ನೂರೇ. ಭಾರ ಇಳಿದದ್ದು ಗೇಮ್‌ನೊಳಗೆ ನಡೆದುಹೋಯಿತು, ಕೈಗೆ ಬರಲೇ ಇಲ್ಲ. ಇದನ್ನು ಕ್ಲಿಪ್ಪಿಂಗ್ ಅಂತಾರೆ. ವೀಲ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಏನೂ ಹೇಳುವುದಿಲ್ಲ ಅನ್ನುವ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ.

ಯಾವ ವೀಲ್ ಅನ್ನುವುದನ್ನೂ ಇದೇ ದೃಷ್ಟಿಯಿಂದ ನೋಡಿ. ಮೂರು ಬಗೆ ಇವೆ. ಲಾಜಿಟೆಕ್‌ನ ಜಿ29, ಜಿ920, ಜಿ923 ಗೇರ್ ಮೇಲೆ ನಡೆಯುವಂಥವು. ಗಟ್ಟಿಮುಟ್ಟು, ವರ್ಷಗಟ್ಟಲೆ ಬಾಳುತ್ತವೆ. ಆದರೆ ಗೇರ್ ಹಲ್ಲುಗಳ ಕಟಕಟ ಸದ್ದು ಇರುತ್ತದೆ, ನಟ್ಟನಡುವೆ ಸ್ವಲ್ಪ ಸತ್ತ ಜಾಗ ಇರುತ್ತದೆ, ಸಣ್ಣ ಬಲಗಳು ಆ ಹಲ್ಲುಗಳಲ್ಲೇ ಕರಗಿಹೋಗುತ್ತವೆ. ಥ್ರಸ್ಟ್‌ಮಾಸ್ಟರ್ ಟಿ300ದಂಥವು ಬೆಲ್ಟಿನವು. ನುಣುಪಾಗಿ ತಿರುಗುತ್ತವೆ, ಸದ್ದು ಕಡಿಮೆ, ಆದರೆ ಚೂಪಾದ ಹೊಡೆತಗಳನ್ನು ಬೆಲ್ಟು ಸ್ವಲ್ಪ ಮೆತ್ತಗೆ ಮಾಡಿಬಿಡುತ್ತದೆ. ಮೂರನೆಯದು ಡೈರೆಕ್ಟ್ ಡ್ರೈವ್. ಮೋಟಾರಿನ ದಂಡಕ್ಕೇ ಸ್ಟೀರಿಂಗ್ ಕೂಡಿಸಿರುತ್ತದೆ, ನಡುವೆ ಏನೂ ಇಲ್ಲ. ಹಿಂದೆ ಇದು ಗಂಭೀರವಾಗಿ ರೇಸ್ ಮಾಡುವವರ ಪಾಲಿನದಾಗಿತ್ತು. 2021ರಲ್ಲಿ ಫನಾಟೆಕ್‌ನ ಸಿಎಸ್‌ಎಲ್ ಡಿಡಿ, ಆಮೇಲೆ ಮೋಝಾದ ಆರ್5 ಥರದವು ಬಂದ ಮೇಲೆ ಮೊದಲ ವೀಲ್ ಕೊಳ್ಳುವವರೂ ಯೋಚಿಸಬಹುದಾದ ಮಟ್ಟಕ್ಕೆ ಬಂತು.

ನ್ಯೂಟನ್ ಮೀಟರ್ ಲೆಕ್ಕವನ್ನು ಕೈಗೆ ಎಷ್ಟು ಅಂತ ಮಾಡಿ ನೋಡೋಣ. 28 ಸೆಂಟಿಮೀಟರ್ ಅಗಲದ ರಿಮ್ (ಕೈಯಲ್ಲಿ ಹಿಡಿಯುವ ಚಕ್ರ) ಇದೆ ಅಂದುಕೊಳ್ಳಿ, ಅರ್ಧ ಅಂದರೆ 14. ಜಿ29 ಥರದ ವೀಲ್ ಕೊಡುವುದು 2 ನ್ಯೂಟನ್ ಮೀಟರ್‌ಗೆ ತುಸು ಮೇಲೆ. ರಿಮ್ಮಿನ ಅಂಚಿನಲ್ಲಿ ಅದು ಸುಮಾರು ಒಂದೂವರೆ ಕಿಲೋ ಎಳೆತ. 5 ನ್ಯೂಟನ್ ಮೀಟರ್ ಆದರೆ ಮೂರೂವರೆ ಕಿಲೋಗೆ ಹತ್ತಿರ. 8 ಆದರೆ ಆರು ಕಿಲೋಗೆ ಹತ್ತಿರ. ಎರಡೂ ಕೈ ಹಿಡಿದು ಅರ್ಧ ಗಂಟೆ ರೇಸ್ ಮಾಡುವವರಿಗೆ 5ರಿಂದ 8ರ ನಡುವೆ ಧಾರಾಳ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. 20, 25ರ ಮೋಟಾರುಗಳೂ ಇವೆ. ಅವುಗಳ ಲಾಭ ಇರುವುದು ಪೂರ್ತಿ ಬಲದಲ್ಲಲ್ಲ, ಅರ್ಧದಷ್ಟೇ ಬಳಸಿಕೊಂಡು ಮೇಲೆ ಜಾಗ ಉಳಿಸಿಕೊಳ್ಳುವುದರಲ್ಲಿ. ಮೊದಲ ವೀಲ್‌ಗೆ ಅದು ಬೇಡ. ರಿಮ್ ದೊಡ್ಡದಾದಷ್ಟೂ ಅದೇ ಮೋಟಾರು ಕೈಗೆ ಹಗುರ ಅನ್ನಿಸುತ್ತದೆ ಅನ್ನುವುದನ್ನೂ ನೆನಪಿಡಿ. ಡಬ್ಬಿಯ ಮೇಲಿರುವ ಸಂಖ್ಯೆ ಗರಿಷ್ಠವೋ, ಸತತವಾಗಿ ಕೊಡಬಲ್ಲದ್ದೋ ಅಂತಲೂ ನೋಡಿಕೊಳ್ಳಿ. ಕ್ಷಣಕಾಲ ಕೊಡುವುದಕ್ಕೂ ಇಡೀ ರೇಸ್ ಕೊಡುವುದಕ್ಕೂ ವ್ಯತ್ಯಾಸ ಇದೆ.

ಕನ್ಸೋಲ್‌ನಲ್ಲಿ ಆಡುವವರಾದರೆ ಹೊಂದಾಣಿಕೆಯನ್ನು ಎಲ್ಲಕ್ಕಿಂತ ಮೊದಲು ನೋಡಿ. ಜಿ29 ಪ್ಲೇಸ್ಟೇಷನ್‌ಗೆ, ಜಿ920 ಎಕ್ಸ್‌ಬಾಕ್ಸ್‌ಗೆ. ಎರಡೂ ಪಿಸಿಗೆ ನಡೆಯುತ್ತವೆ, ಆದರೆ ಒಂದರ ಕನ್ಸೋಲ್‌ಗೆ ಇನ್ನೊಂದು ಆಗದು. ಫನಾಟೆಕ್‌ನಲ್ಲಿ ಪ್ಲೇಸ್ಟೇಷನ್ ಹೊಂದಾಣಿಕೆ ಮೋಟಾರಿನ ಬೇಸ್‌ನಲ್ಲಿರುತ್ತದೆ, ಎಕ್ಸ್‌ಬಾಕ್ಸ್‌ನದು ಕೈಯಲ್ಲಿ ಹಿಡಿಯುವ ರಿಮ್‌ನಲ್ಲಿರುತ್ತದೆ. ಬಿಡಿಬಿಡಿಯಾಗಿ ಕೊಳ್ಳುವವರು ಇಲ್ಲೇ ಎಡವುವುದು.

ಇನ್ನು, ನೀವು ಕೇಳದೆ ಇದ್ದರೂ ಹೇಳಲೇಬೇಕಾದದ್ದು: ಇರುವ ದುಡ್ಡನ್ನೆಲ್ಲ ಮೋಟಾರಿಗೇ ಸುರಿಯಬೇಡಿ. ಬ್ರೇಕ್ ಪೆಡಲ್ ಲೋಡ್ ಸೆಲ್ ಇರುವಂಥದ್ದು ಸಿಕ್ಕರೆ, ಅದಕ್ಕಾಗಿ ಮೋಟಾರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೂ ಪರವಾಗಿಲ್ಲ ಅಂತೀನಿ. ಸಾಧಾರಣ ಪೆಡಲ್ ಕಾಲು ಎಷ್ಟು ದೂರ ಸರಿಯಿತು ಅಂತ ಅಳೆಯುತ್ತದೆ, ಲೋಡ್ ಸೆಲ್ ಎಷ್ಟು ಒತ್ತಿದಿರಿ ಅಂತ ಅಳೆಯುತ್ತದೆ. ಕಾಲಿಗೆ ಒತ್ತಡ ನೆನಪಿರುವಷ್ಟು ದೂರ ನೆನಪಿರುವುದಿಲ್ಲ. ತಿರುವಿನೊಳಗೆ ಹೋಗುತ್ತಾ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಬಿಡುವುದು ಆಗ ಕೈಗೂಡುತ್ತದೆ, ಲ್ಯಾಪ್ ಸಮಯ ಇಳಿಯುವುದು ಹೆಚ್ಚಾಗಿ ಅಲ್ಲಿಯೇ.

ವೀಲನ್ನು ಕೂಡಿಸುವ ಜಾಗವೂ ಅಷ್ಟೇ ಮುಖ್ಯ. ಅಲುಗಾಡುವ ಮೇಜಿಗೆ ಕ್ಲ್ಯಾಂಪ್ ಹಾಕಿದರೆ ಸಣ್ಣ ಅದುರುಗಳನ್ನೆಲ್ಲ ಮೇಜೇ ನುಂಗುತ್ತದೆ. ಡೈರೆಕ್ಟ್ ಡ್ರೈವ್ ಆದರಂತೂ ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಚಕ್ರದ ಕುರ್ಚಿಯಲ್ಲಿ ಕೂತು ಲೋಡ್ ಸೆಲ್ ಬ್ರೇಕ್ ಒತ್ತಿದರೆ ಕುರ್ಚಿಯೇ ಹಿಂದೆ ಹೋಗುತ್ತದೆ.

ವೀಲ್ ಬಂತು ಅಂದುಕೊಳ್ಳಿ. ಫರ್ಮ್‌ವೇರ್ (ವೀಲ್‌ನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ವೀಲ್‌ನ ಸೆಟ್ಟಿಂಗ್ ಬದಲಿಸುವ ಡ್ರೈವರ್ ಸಾಫ್ಟ್‌ವೇರ್‌ನಲ್ಲಿ ತಿರುಗುವ ಕೋನವನ್ನು 900 ಡಿಗ್ರಿಗೆ ಇಡಿ. ಆಯಾ ಕಾರಿಗೆ ತಕ್ಕ ಮಿತಿಯನ್ನು ಸಿಮ್ಯುಲೇಟರ್‌ಗಳು ಸಾಮಾನ್ಯವಾಗಿ ತಾವೇ ಹಾಕಿಕೊಳ್ಳುತ್ತವೆ. ಪರದೆಯ ಮೇಲಿನ ಕೈ ನಿಮ್ಮ ಕೈಯಷ್ಟೇ ತಿರುಗುತ್ತಿದ್ದರೆ ಸರಿಯಾಗಿದೆ ಅಂತ ಅರ್ಥ. ಸೆಂಟರಿಂಗ್ ಸ್ಪ್ರಿಂಗ್ ಅನ್ನುವ ಆಯ್ಕೆ ಇದ್ದರೆ ಆಫ್ ಮಾಡಿಬಿಡಿ. ಅದು ಟಯರಿನ ಎಳೆತವಲ್ಲ, ನಡುವಿಗೆ ಎಳೆಯುವ ಸುಳ್ಳು ಬಲ. ನಿಜವಾದ ಎಳೆತ ಇಳಿದಾಗ ಇದು ಅದನ್ನು ಮುಚ್ಚಿಹಾಕುತ್ತದೆ. ಗೇಮ್‌ನೊಳಗೆ ಕರ್ಬ್ (ಟ್ರ್ಯಾಕಿನ ಅಂಚಿನ ಉಬ್ಬುಪಟ್ಟಿ) ಎಫೆಕ್ಟ್, ರೋಡ್ ಎಫೆಕ್ಟ್, ಸ್ಲಿಪ್ ಎಫೆಕ್ಟ್ ಅಂತೆಲ್ಲ ಇರುವುದನ್ನು ಸದ್ಯಕ್ಕೆ ಸೊನ್ನೆ ಮಾಡಿ. ಆಮೇಲೆ ಬೇಕಾದರೆ ಚಿಟಿಕೆಯಷ್ಟು ಸೇರಿಸಿಕೊಳ್ಳಬಹುದು.

ಈಗ ಗೇನ್. ಡ್ರೈವರ್‌ನಲ್ಲಿ ಶಕ್ತಿ 100ಕ್ಕೆ ಇಟ್ಟು ಗೇಮ್‌ನಲ್ಲಿ ಇಳಿಸುತ್ತಾ ಬನ್ನಿ (ಡೈರೆಕ್ಟ್ ಡ್ರೈವ್ ಆದರೆ ಡ್ರೈವರ್‌ನಲ್ಲೇ ಮೊದಲು ಕಡಿಮೆ ಇಟ್ಟು, ಅಭ್ಯಾಸ ಆಗುತ್ತಾ ಏರಿಸಿ). ಅಸೆಟ್ಟೊ ಕೊರ್ಸಾ ಅನ್ನುವ ರೇಸಿಂಗ್ ಗೇಮ್‌ನಲ್ಲಿ ಪೆಡಲ್ ತೋರಿಸುವ ಸಣ್ಣ ಆ್ಯಪ್ ತೆರೆದಿಟ್ಟುಕೊಳ್ಳಿ. ಅದರಲ್ಲಿ ಫೋರ್ಸ್ ಫೀಡ್‌ಬ್ಯಾಕ್‌ನ ಪಟ್ಟಿ ಒಂದಿದೆ, ಮಿತಿ ಮುಟ್ಟಿದಾಗ ಕೆಂಪಾಗುತ್ತದೆ. ಐರೇಸಿಂಗ್‌ನಲ್ಲೂ ಇಂಥದ್ದೇ ಮೀಟರ್ ಇದೆ. ಕೆಲವು ಲ್ಯಾಪ್ ಓಡಿಸಿದ ಮೇಲೆ ಆಟೋ ಬಟನ್ ಒತ್ತಿದರೆ ಆ ಕಾರಿಗೂ ಆ ಟ್ರ್ಯಾಕಿಗೂ ತಕ್ಕ ಬಲವನ್ನು ಅದೇ ಲೆಕ್ಕ ಹಾಕುತ್ತದೆ. ಕರ್ಬ್ ಹತ್ತಿದಾಗಲೋ ಗೋಡೆಗೆ ತಾಗಿದಾಗಲೋ ಕ್ಷಣಮಾತ್ರ ಕೆಂಪಾದರೆ ಚಿಂತೆ ಇಲ್ಲ. ತಿರುವಿನ ಉದ್ದಕ್ಕೂ ಕೆಂಪಾಗಿದ್ದರೆ ಗೇನ್ ಇಳಿಸಿ.

ಪಟ್ಟಿ ನೋಡುವುದಕ್ಕಿಂತ ಕೈಯಿಂದ ಪರೀಕ್ಷೆ ಮಾಡುವುದು ನನಗೆ ಹೆಚ್ಚು ಇಷ್ಟ. ಮೊಂಝಾ ಟ್ರ್ಯಾಕ್ ತೆರೆಯಿರಿ, ರೆಕ್ಕೆಗಿಕ್ಕೆ ಇಲ್ಲದ ಸಾದಾ ರೋಡ್ ಕಾರು ತೆಗೆದುಕೊಳ್ಳಿ. ಕೊನೆಯ ತಿರುವು ಪ್ಯಾರಾಬೋಲಿಕಾ, ಉದ್ದನೆಯ ಬಲ ತಿರುವು. ಅಲ್ಲಿಗೆ ಹದವಾದ ವೇಗದಲ್ಲಿ ಬಂದು ಸ್ಟೀರಿಂಗ್ ತಿರುಗಿಸಿ ಹಾಗೇ ಹಿಡಿಯಿರಿ. ಭಾರ ತುಂಬಿಕೊಳ್ಳುತ್ತಾ ಬರುತ್ತದೆ. ಆಕ್ಸಿಲರೇಟರ್ ಅಲುಗಿಸದೆ ಸ್ಟೀರಿಂಗನ್ನು ಇನ್ನೂ ಒಂದಿಷ್ಟು ಬಲಕ್ಕೆ ತಿರುಗಿಸಿ. ಒಂದು ಹಂತದಲ್ಲಿ, ಹೆಚ್ಚು ತಿರುಗಿಸಿದರೂ ಕೈಯಲ್ಲಿ ಭಾರ ಕರಗಿದಂತಾಗಬೇಕು. ಅದೇ ಹೊತ್ತಿಗೆ ಕಾರಿನ ಮೂತಿ ಹೊರಗಡೆಗೆ ತೇಲಿದಂತೆ ಕಾಣಬೇಕು. ಕೈ ಸ್ವಲ್ಪ ಸಡಿಲಿಸಿ ವಾಪಸ್ ತಂದರೆ ಭಾರ ಮತ್ತೆ ಕೂಡಿಕೊಳ್ಳಬೇಕು, ಮೂತಿ ಒಳಕ್ಕೆ ತಿರುಗಬೇಕು. ಭಾರ ಕರಗುವುದೂ ಕೂಡಿಕೊಳ್ಳುವುದೂ ಸ್ಪಷ್ಟವಾಗಿ ಸಿಗುವವರೆಗೆ ಗೇನ್ ಇಳಿಸುತ್ತಾ ಅದೇ ತಿರುವಿಗೆ ಮತ್ತೆ ಮತ್ತೆ ಬನ್ನಿ. ಗೇರ್ ವೀಲ್‌ನಲ್ಲೂ ಇದು ಸಿಗುತ್ತದೆ, ಬಲ ಕಡಿಮೆ ಅನ್ನುವುದನ್ನು ಬಿಟ್ಟರೆ. ಇದು ಕೈಗೆ ಹತ್ತಿದ ದಿನದಿಂದ ಕಾರಿನ ಮುಂಭಾಗ ಜಾರುವುದನ್ನು ಕಣ್ಣಿನಿಂದ ಹುಡುಕಬೇಕಾಗುವುದಿಲ್ಲ.

ಹಿಂಭಾಗ ಜಾರುವುದು ಬೇರೆ ಥರ. ಆಗ ಸ್ಟೀರಿಂಗ್ ತಾನಾಗಿಯೇ ಎದುರು ದಿಕ್ಕಿಗೆ ಓಡುತ್ತದೆ. ಅದನ್ನು ಬಿಗಿ ಹಿಡಿದು ತಡೆಯಬೇಡಿ, ಬೆರಳುಗಳ ನಡುವೆ ಓಡಲು ಬಿಟ್ಟು ಬೇಕಾದ ಕಡೆ ಹಿಡಿಯಿರಿ. ಡ್ಯಾಂಪರ್ (ವೀಲ್ ತಿರುಗುವ ವೇಗವನ್ನು ತಡೆಯುವ ಸೆಟ್ಟಿಂಗ್) ಹೆಚ್ಚಿಟ್ಟಿದ್ದರೆ ಈ ಓಟ ನಿಧಾನವಾಗಿ, ಹಿಂಭಾಗ ಕೈತಪ್ಪಿದ ಮೇಲೆ ಬರುತ್ತದೆ. ಹಾಗಂತ ಡೈರೆಕ್ಟ್ ಡ್ರೈವ್‌ನಲ್ಲಿ ಡ್ಯಾಂಪಿಂಗ್ ಪೂರ್ತಿ ತೆಗೆದರೆ, ನೇರ ರಸ್ತೆಯಲ್ಲಿ ಕೈ ಸಡಿಲಿಸಿದ ಕೂಡಲೇ ವೀಲ್ ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗುತ್ತದೆ. ಆ ಹೊಯ್ದಾಟ ನಿಲ್ಲುವಷ್ಟು ಇಟ್ಟುಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ.

ಗೇರ್, ಬೆಲ್ಟ್ ವೀಲ್‌ಗಳಿಗೆ ಮಿನಿಮಮ್ ಫೋರ್ಸ್ ಅನ್ನುವ ಸೆಟ್ಟಿಂಗ್ ದೊಡ್ಡ ಉಪಕಾರಿ. ನಡುವಿನ ಸತ್ತ ಜಾಗವನ್ನು ದಾಟುವಷ್ಟು ಬಲವನ್ನು ಅದು ಮೊದಲೇ ಸೇರಿಸುತ್ತದೆ. ಒಂದೊಂದೇ ಅಂಕ ಏರಿಸುತ್ತಾ ಹೋಗಿ. ನೇರ ಹೋಗುವಾಗ ವೀಲ್ ಗಡಗಡ ನಡುಗತೊಡಗಿದರೆ ಒಂದೆರಡು ಅಂಕ ಹಿಂದೆ ಬನ್ನಿ. ಡೈರೆಕ್ಟ್ ಡ್ರೈವ್‌ಗೆ ಇದು ಸೊನ್ನೆ ಇರಲಿ.

ಕಾರು ಬದಲಾದರೆ ಗೇನ್ ಕೂಡ ಬದಲಾಗಬೇಕು. ರೆಕ್ಕೆಗಳಿರುವ ಫಾರ್ಮುಲಾ ಕಾರನ್ನು ವೇಗ ಹೆಚ್ಚಿದಷ್ಟೂ ಗಾಳಿ ನೆಲಕ್ಕೆ ಒತ್ತುತ್ತದೆ, ಸ್ಟೀರಿಂಗ್ ಭಾರವೂ ಏರುತ್ತದೆ. ರೋಡ್ ಕಾರಿಗೆ ಕೂರಿಸಿದ ಸಂಖ್ಯೆ ಅಲ್ಲಿ ನೇರ ಕ್ಲಿಪ್ಪಿಂಗ್‌ಗೆ ಹೋಗುತ್ತದೆ. ಅಸೆಟ್ಟೊ ಕೊರ್ಸಾದಲ್ಲಿ ಓಡಿಸುತ್ತಲೇ ಕೀಬೋರ್ಡಿನ ನಂಬರ್ ಪ್ಯಾಡ್‌ನ ಪ್ಲಸ್, ಮೈನಸ್ ಒತ್ತಿ ಆ ಕಾರಿಗಷ್ಟೇ ಏರಿಳಿಸಬಹುದು. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಮುಟ್ಟಿ, ಅದೇ ಕಾರು, ಅದೇ ತಿರುವಿನಲ್ಲಿ ನೋಡಿ. ಯೂಟ್ಯೂಬಿನಲ್ಲಿ ಸಿಗುವ ಬೇರೆಯವರ ಸಂಖ್ಯೆಗಳನ್ನು ನಕಲು ಮಾಡಿದರೆ, ಅವರ ಮೋಟಾರು, ರಿಮ್, ತೋಳು ಮೂರೂ ನಿಮ್ಮವಲ್ಲ.

ಕೊನೆಗೆ ಎರಡು ಸಂಗತಿ. ಗೇಮ್ ಶುರುವಾದ ತಕ್ಷಣ ವೀಲ್ ನಡುವಿಗೆ ಬರುವ ಬದಲು ಒಂದು ಪಕ್ಕಕ್ಕೆ ಜೋರಾಗಿ ಎಳೆದು ಕೊನೆಗೆ ಹೋಗಿ ನಿಂತರೆ ವೀಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ಬಲದ ದಿಕ್ಕು ತಿರುವುಮುರುವಾಗಿರಬಹುದು, ಅದನ್ನು ತಿರುಗಿಸುವ ಆಯ್ಕೆ ಹಲವು ಗೇಮ್‌ಗಳಲ್ಲಿದೆ. ಮತ್ತು ಡೈರೆಕ್ಟ್ ಡ್ರೈವ್ ತೆಗೆದುಕೊಂಡರೆ, ಗೋಡೆಗೆ ಬಡಿಯುವುದು ಖಚಿತ ಅನ್ನಿಸಿದ ಕ್ಷಣ ಕೈ ಬಿಟ್ಟುಬಿಡಿ. ಹೆಬ್ಬೆರಳನ್ನು ರಿಮ್ಮಿನ ಒಳಗಿನ ಕಡ್ಡಿಗಳಿಗೆ ಸುತ್ತಿ ಹಿಡಿಯುವ ಅಭ್ಯಾಸ ಇದ್ದರೆ ಮೊದಲ ದಿನವೇ ಬಿಡಿ, ಮೋಟಾರು ಜಗ್ಗಿದರೆ ಬೆರಳು ಉಳುಕುತ್ತದೆ. ಮನೆಯಲ್ಲಿ ಮಕ್ಕಳು ಆಡುವುದಾದರೆ ಅವರಿಗಾಗಿ ಬಲ ಕಡಿಮೆ ಇರುವ ಬೇರೆ ಪ್ರೊಫೈಲ್ ಮಾಡಿಡಿ.