ಮೆಟಲ್ ಆಲ್ಬಮ್‌ನಲ್ಲಿ ಕಥೆ ಯಾರು ಹೇಳಬೇಕು? ಹಾಡುಗಾರನೋ, ಗಿಟಾರೋ?

ಪ್ರೋಗ್ರೆಸಿವ್ ಮೆಟಲ್‌ನ (ಉದ್ದದ, ತಾಳ ಬದಲಾಗುತ್ತಲೇ ಇರುವ ಹಾಡುಗಳ ಅಬ್ಬರದ ರಾಕ್) ಕಾನ್ಸೆಪ್ಟ್ ಆಲ್ಬಮ್‌ಗಳಲ್ಲಿ, ಅಂದರೆ ಎಲ್ಲ ಹಾಡುಗಳೂ ಸೇರಿ ಒಂದೇ ಕಥೆ ಹೇಳುವ ಆಲ್ಬಮ್‌ಗಳಲ್ಲಿ, ಕಥೆಯಿಂದ ಸಂಗೀತಕ್ಕೆ ಲಾಭವೋ ನಷ್ಟವೋ ಅಂತ ಕೇಳಿದ್ದೀರಿ. ವಾದ್ಯಗಳೂ ಸೇರಿ ಕಥೆ ಹೇಳಿದರೆ ಲಾಭ, ಎಲ್ಲವನ್ನೂ ಸಾಹಿತ್ಯದ ಮೇಲೆ ಹೊರಿಸಿದರೆ ನಷ್ಟ. ಎರಡಕ್ಕೂ ಉದಾಹರಣೆ ಒಂದೇ ಬ್ಯಾಂಡಿನಲ್ಲಿದೆ: ಅಮೆರಿಕದ ಡ್ರೀಮ್ ಥಿಯೇಟರ್.

1999ರಲ್ಲಿ ಬಂದ ‘ಸೀನ್ಸ್ ಫ್ರಮ್ ಎ ಮೆಮೊರಿ’ ನೋಡಿ. ನಿಕೊಲಸ್ ಎಂಬಾತ ಹಿಪ್ನಾಸಿಸ್ ಮಾಡಿಸಿಕೊಳ್ಳಲು ಹೋಗುತ್ತಾನೆ. ಹಿಂದಿನ ಜನ್ಮದಲ್ಲಿ ತಾನು ವಿಕ್ಟೋರಿಯಾ ಎಂಬ ಹೆಣ್ಣು, 1928ರಲ್ಲಿ ಕೊಲೆಯಾದವಳು ಅಂತ ಗೊತ್ತಾಗುತ್ತದೆ. ಪುನರ್ಜನ್ಮದ ಕಥೆ ನಮಗೇನೂ ಹೊಸದಲ್ಲ, ಅಲ್ವಾ? ಆದರೆ ಅದನ್ನು ಕೇಳಿಸುವ ರೀತಿ ಹೊಸದು. ಇದೇ ಬ್ಯಾಂಡಿನ 1992ರ ಹಾಡು ‘ಮೆಟ್ರೊಪೊಲಿಸ್’ನ ಟ್ಯೂನ್‌ಗಳು ಈ ಆಲ್ಬಮ್‌ನ ಬರೀ ವಾದ್ಯಗಳ ಟ್ರ್ಯಾಕ್ ‘ಓವರ್ಚರ್ 1928’ರಲ್ಲಿ ಚೂರುಚೂರಾಗಿ ಬರುತ್ತವೆ. ಹಳೆಯ ಹಾಡು ಗೊತ್ತಿದ್ದವರಿಗೆ ‘ಇದನ್ನ ಎಲ್ಲೋ ಕೇಳಿದೀನಲ್ಲ’ ಅನ್ನಿಸುತ್ತದೆ. ಕಥೆಯೊಳಗೆ ನಿಕೊಲಸ್‌ಗೆ ಆಗುತ್ತಿರುವುದೂ ಅದೇ! ಒಂದು ಮಾತೂ ಇಲ್ಲದೆ ಅವನ ಮನಸ್ಸು ನಮ್ಮದಾಗುತ್ತದೆ.

ಇದೇ ಆಲ್ಬಮ್‌ನ ‘ದ ಡ್ಯಾನ್ಸ್ ಆಫ್ ಎಟರ್ನಿಟಿ’ಯಲ್ಲಂತೂ ಹಾಡುವವರೇ ಇಲ್ಲ. ಆರು ನಿಮಿಷದಲ್ಲಿ ತಾಳದ ಲೆಕ್ಕ ನೂರಕ್ಕೂ ಜಾಸ್ತಿ ಸಲ ಬದಲಾಗುತ್ತದೆ. ಕಾಲಲ್ಲಿ ತಾಳ ಹಾಕಲು ಹೋದರೆ ಪ್ರತಿ ಸಲ ತಪ್ಪುತ್ತದೆ. ಇದ್ದಕ್ಕಿದ್ದಂತೆ ಗಿಟಾರ್ ಸುಮ್ಮನಾಗಿ, ಬ್ಯಾಂಡಿನ ಕೀಬೋರ್ಡ್ ವಾದಕ ಜೋರ್ಡನ್ ರುಡೆಸ್ ಪಿಯಾನೊದಲ್ಲಿ ರ‍್ಯಾಗ್‌ಟೈಮ್ ಶುರು ಮಾಡುತ್ತಾರೆ. ಅದು ಇಪ್ಪತ್ತನೇ ಶತಮಾನದ ಶುರುವಿನ ಅಮೆರಿಕದ ಶೈಲಿ. ಹಳೆಯ ಕಾಲದ ಒಂದು ಬಾಗಿಲು ತೆರೆದು, ಮತ್ತೆ ಪಟ್ಟನೆ ಮುಚ್ಚಿದ ಹಾಗೆ. ಕಥೆ ಇರದಿದ್ದರೆ ಅದು ಬರೀ ಕೈಚಳಕ ಅನ್ನಿಸುತ್ತಿತ್ತೇನೋ. ಕಥೆ ಇರುವುದರಿಂದ ನನಗೆ ಅಲ್ಲಿ ಮೈ ಜುಮ್ಮೆನ್ನುತ್ತದೆ.

ಇನ್ನು ಇದೇ ಬ್ಯಾಂಡಿನ 2016ರ ಆಲ್ಬಮ್ ‘ದಿ ಅಸ್ಟಾನಿಶಿಂಗ್’. 34 ಟ್ರ್ಯಾಕ್, ಎರಡು ಗಂಟೆಗೂ ಜಾಸ್ತಿ. ಮನುಷ್ಯರ ಸಂಗೀತದ ಜಾಗಕ್ಕೆ ಯಂತ್ರಗಳ ಸದ್ದು ಬಂದಿರುವ ಮುಂದಿನ ಕಾಲ, ಅಲ್ಲಿ ಹಾಡಬಲ್ಲ ಒಬ್ಬ ಹುಡುಗ. ಬ್ಯಾಂಡಿನ ಗಿಟಾರ್ ವಾದಕ ಜಾನ್ ಪೆಟ್ರೂಚಿ ಹೆಣೆದ ಈ ಕಥೆಯ ಮೂಲ ಯೋಚನೆ ನನಗೆ ತುಂಬಾ ಇಷ್ಟ. ಆದರೆ ರಾಜ, ರಾಣಿ, ಅಣ್ಣ, ತಮ್ಮ ಎಲ್ಲರ ಪಾತ್ರವನ್ನೂ ಹಾಡುಗಾರ ಜೇಮ್ಸ್ ಲಾಬ್ರಿ ಒಬ್ಬರೇ ಹಾಡುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ಯಾರ ಮಾತು ಯಾರದು ಅಂತ ಹಿಡಿಯುವುದು ಕಷ್ಟ. ಸಾಹಿತ್ಯ ಮುಂದಿಟ್ಟುಕೊಂಡೇ ಕೂರಬೇಕು. ಒಂದು ಒಳ್ಳೆಯ ರಿಫ್ (ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಟ್ಯೂನ್) ಈಗಷ್ಟೇ ಕಾವೇರುತ್ತಿದೆ ಅನ್ನುವಾಗ ಮುಂದಿನ ದೃಶ್ಯ ಬಂದುಬಿಡುತ್ತದೆ. ನನಗೆ ನಿಜಕ್ಕೂ ಸಂಕಟವಾಗುವುದು ಅಲ್ಲೇ.

ಹಾಗಂತ ಮಾತು ಜಾಸ್ತಿಯಾದರೆ ಕೆಡುತ್ತದೆ ಅಂತಲ್ಲ. ಅಮೆರಿಕದ ಇನ್ನೊಂದು ಬ್ಯಾಂಡ್ ಕ್ವೀನ್ಸ್‌ರೈಕ್‌ನ ಕಾನ್ಸೆಪ್ಟ್ ಆಲ್ಬಮ್ ‘ಆಪರೇಷನ್: ಮೈಂಡ್‌ಕ್ರೈಮ್’ (1988) ಶುರುವಾಗುವುದೇ ಆಸ್ಪತ್ರೆಯ ಸದ್ದು, ನರ್ಸ್ ಮಾತಿನಿಂದ. ಅದರ ‘ಸ್ವೀಟ್ ಸಿಸ್ಟರ್ ಮೇರಿ’ ಹಾಡಿನಲ್ಲಿ ಮೇರಿಯ ಪಾತ್ರಕ್ಕೆ ಪಮೇಲಾ ಮೂರ್ ಅವರದೇ ಬೇರೆ ದನಿ ಇದೆ. ಹತ್ತು ನಿಮಿಷ ದಾಟಿದ್ದೇ ಗೊತ್ತಾಗುವುದಿಲ್ಲ.

ಹೊಸದಾಗಿ ಕೇಳುವುದಾದರೆ ‘ಸೀನ್ಸ್’ನಿಂದ ಶುರು ಮಾಡಿ. ಮೊದಲ ಸಲ ಸಾಹಿತ್ಯ ನೋಡಬೇಡಿ, ಸುಮ್ನೆ ಕೇಳಿ. ‘ಒನ್ ಲಾಸ್ಟ್ ಟೈಮ್’ ಹಾಡಿನ ಟ್ಯೂನ್ ಮಾತ್ರ ನೆನಪಿಟ್ಟುಕೊಳ್ಳಿ. ಕೊನೆಯ ಹಾಡಿನಲ್ಲಿ ಕೊಲೆಯ ಹೊತ್ತಿಗೆ ಅದು ಮತ್ತೆ ಬರುತ್ತದೆ. ಆಗ ನಿಮಗೇನು ಅನ್ನಿಸಿತು ಅಂತ ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.