ಓದುಗರ ಪ್ರಶ್ನೆ: ಸೀಟಿನ ಲೆಕ್ಕ, ಓಟಿನ ಲೆಕ್ಕ

2024ರ ಲೋಕಸಭೆ ಫಲಿತಾಂಶದ ಬಗ್ಗೆ ಮುಂಬೈ, ಪುಣೆ, ಗೋವಾದ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ‘ಯಾರು ಗೆಲ್ಲಬೇಕಿತ್ತು’ ಎನ್ನುವ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇವೆ, ಓದುಗರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ (ಮುಲುಂಡ್): ನಮ್ಮ ಕಡೆ ಬಿಜೆಪಿಗೆ ಬಿದ್ದಷ್ಟು ಓಟು ಬೇರೆ ಯಾರಿಗೂ ಬಿದ್ದಿಲ್ಲ. ಆದರೂ ಮುಂಬೈ ಈಶಾನ್ಯದಲ್ಲಿ ಆ ಪಕ್ಷ ಸೋತದ್ದು ಹೇಗೆ?

ನಿಮ್ಮ ಅಂದಾಜು ಸರಿಯಾಗಿಯೇ ಇದೆ, ಆದರೆ ಅದು ಮುಲುಂಡ್‌ಗೆ ಮಾತ್ರ ಸರಿ. ಮುಂಬೈ ಈಶಾನ್ಯವೆಂದರೆ ಆರು ವಿಧಾನಸಭಾ ಕ್ಷೇತ್ರಗಳು: ಮುಲುಂಡ್, ವಿಕ್ರೋಳಿ, ಭಾಂಡುಪ್ ಪಶ್ಚಿಮ, ಘಾಟ್‌ಕೋಪರ್ ಪಶ್ಚಿಮ, ಘಾಟ್‌ಕೋಪರ್ ಪೂರ್ವ, ಮಾನ್‌ಖುರ್ದ್ ಶಿವಾಜಿನಗರ. ಮುಲುಂಡ್ ಒಂದರಲ್ಲೇ ಬಿಜೆಪಿಯ ಮಿಹಿರ್ ಕೋಟೆಚಾ ಸುಮಾರು 60 ಸಾವಿರ ಮುಂದಿದ್ದರು. ಇನ್ನೊಂದು ತುದಿಯ ಮಾನ್‌ಖುರ್ದ್ ಶಿವಾಜಿನಗರದಲ್ಲಿ ಉದ್ಧವ್ ಠಾಕ್ರೆ ಶಿವಸೇನೆಯ ಸಂಜಯ್ ದಿನಾ ಪಾಟೀಲ್ ಸುಮಾರು 88 ಸಾವಿರ ಮುಂದೆ ಹೋದರು. ಒಟ್ಟು ಗೆಲುವಿನ ಅಂತರ 29,861. ಲೋಕಲ್ ರೈಲಿನ ಹಾರ್ಬರ್ ಲೈನಿನ ಆ ತುದಿಯನ್ನು ಲೆಕ್ಕಕ್ಕೆ ತಗೊಳ್ಳದೆ ಸೆಂಟ್ರಲ್ ಲೈನಿನ ಸೊಸೈಟಿಗಳನ್ನಷ್ಟೇ ನೋಡಿದರೆ ಈ ಫಲಿತಾಂಶ ಅರ್ಥವಾಗುವುದಿಲ್ಲ.

ಧುಳೆಯದು ಇನ್ನೂ ದೊಡ್ಡ ಉದಾಹರಣೆ. ಅಲ್ಲಿ ಮಾಲೆಗಾಂವ್ ಮಧ್ಯ ಎಂಬ ಒಂದೇ ವಿಧಾನಸಭಾ ಕ್ಷೇತ್ರ ಕಾಂಗ್ರೆಸ್ಸಿಗೆ 1.9 ಲಕ್ಷಕ್ಕೂ ಮಿಕ್ಕಿದ ಲೀಡ್ ಕೊಟ್ಟಿತು. ಉಳಿದ ಕಡೆ ಬಿಜೆಪಿ ಕೂಡಿಟ್ಟುಕೊಂಡದ್ದೆಲ್ಲ ಅದರಲ್ಲಿ ಕರಗಿ, ಕೊನೆಗೆ ಕಾಂಗ್ರೆಸ್ 3,831 ಮತಗಳಿಂದ ಗೆದ್ದಿತು.

ಇದನ್ನು ನೀವೇ ಪರೀಕ್ಷಿಸಬೇಕಿದ್ದರೆ ಮಹಾರಾಷ್ಟ್ರದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಿಂದ ಫಾರ್ಮ್ 20 ಇಳಿಸಿಕೊಳ್ಳಿ. ಮತಗಟ್ಟೆವಾರು ಅಂತಿಮ ಎಣಿಕೆಯ ಹಾಳೆ ಅದು. ಒಂದೊಂದು ವಿಧಾನಸಭಾ ಕ್ಷೇತ್ರಕ್ಕೆ ಒಂದೊಂದು ಭಾಗ ಇರುತ್ತದೆ, ಅದರ ಕೊನೆಯ ಸಾಲಿನಲ್ಲಿ ಮೊತ್ತ. ಆರು ಮೊತ್ತ ಕೂಡಿಸಿದಾಗ ಘೋಷಿತ ಸಂಖ್ಯೆ ಬರಲಿಲ್ಲವೆಂದು ಗಾಬರಿಯಾಗಬೇಡಿ. ಅಂಚೆ ಮತಗಳು ಯಾವ ಮತಗಟ್ಟೆಗೂ ಸೇರದೆ ಬೇರೆ ಸಾಲಿನಲ್ಲಿ ಇರುತ್ತವೆ, ಅದನ್ನು ಕೂಡಿಸಿದರೆ ಲೆಕ್ಕ ತಾಳೆಯಾಗುತ್ತದೆ. ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಸ್ಕ್ಯಾನ್ ಮಾಡಿದ ಹಾಳೆಯಲ್ಲಿ ಅಭ್ಯರ್ಥಿಗಳ ಹೆಸರು ಅಡ್ಡ ತಿರುಗಿ ಅಚ್ಚಾಗಿರುವುದರಿಂದ ಒಂದು ಕಾಲಂ ತಪ್ಪಿ ಪಕ್ಕದವರ ಓಟು ಓದಿಬಿಡುತ್ತೇವೆ. ಮತ್ತೆ, 2019ರ ಮತಗಟ್ಟೆ ನಂಬರನ್ನು 2024ರ ಅದೇ ನಂಬರಿಗೆ ಹೋಲಿಸುತ್ತೇವೆ. ಮತಗಟ್ಟೆಗಳನ್ನು ಮರುಹೊಂದಿಸಿದಾಗ ನಂಬರು ಬದಲಾಗುತ್ತದೆ. ಹೋಲಿಸುವ ಮುನ್ನ ಶಾಲೆಯ ಹೆಸರು, ಕೊಠಡಿ ನೋಡಿಕೊಳ್ಳಿ.

ಪ್ರಶ್ನೆ (ಜೋಗೇಶ್ವರಿ ಪೂರ್ವ): ನಮ್ಮ ಮುಂಬೈ ವಾಯವ್ಯದಲ್ಲಿ 48 ಓಟಿನ ಗೆಲುವು. ಒಬ್ಬರು ‘ಮೆಷಿನ್‌ನಲ್ಲಿ ಸೋತವರು ಗೆದ್ದರು’ ಎನ್ನುತ್ತಾರೆ, ಇನ್ನೊಬ್ಬರು ಅದು ಸುಳ್ಳು ಎನ್ನುತ್ತಾರೆ. ನಿಜ ಏನು?

ಮೊದಲನೆಯವರು ಹೇಳಿದ್ದು ಅಂಕಿಯ ಮಟ್ಟಿಗೆ ನಿಜ. ಮತಯಂತ್ರಗಳ ಎಣಿಕೆಯಲ್ಲಿ ಠಾಕ್ರೆ ಶಿವಸೇನೆಯ ಅಮೋಲ್ ಕೀರ್ತಿಕರ್ ಅವರಿಗೆ 4,51,095, ಶಿಂದೆ ಶಿವಸೇನೆಯ ರವೀಂದ್ರ ವಾಯ್ಕರ್ ಅವರಿಗೆ 4,51,094. ಒಂದೇ ಒಂದು ಓಟಿನ ವ್ಯತ್ಯಾಸ. ಅಂಚೆ ಮತಗಳಲ್ಲಿ ವಾಯ್ಕರ್‌ಗೆ 1,550, ಕೀರ್ತಿಕರ್‌ಗೆ 1,501. ಅಲ್ಲಿ 49 ಹೆಚ್ಚು, ಇಲ್ಲಿ 1 ಕಡಿಮೆ, ಉಳಿದದ್ದು 48. ಅಂತಿಮ ಸಂಖ್ಯೆ 4,52,644 ಮತ್ತು 4,52,596.

ಆದರೆ ‘ಮೆಷಿನ್‌ನಲ್ಲಿ ಸೋತವರು’ ಎಂಬ ಮಾತಿನಲ್ಲಿ ಏನೋ ಮೋಸವಾಯಿತು ಎನ್ನುವ ದನಿಯಿದೆ, ಅದು ಸರಿಯಲ್ಲ. ಸೈನಿಕರು, ಚುನಾವಣಾ ಕರ್ತವ್ಯದ ಸಿಬ್ಬಂದಿ, 85 ವರ್ಷ ದಾಟಿ ಮನೆಯಲ್ಲೇ ಮತ ಹಾಕಿದವರು, ಇವರದೆಲ್ಲ ಅಂಚೆ ಮತ. ಮೆಷಿನ್ನಿನ ಓಟಿಗೆ ಎಷ್ಟು ಬೆಲೆಯೋ ಅದಕ್ಕೂ ಅಷ್ಟೇ ಬೆಲೆ.

ಅಂಚೆ ಮತ ಹಾಳಾಗುವುದು ಸುಲಭ. ಘೋಷಣಾ ಪತ್ರಕ್ಕೆ ಸಹಿ ಇಲ್ಲ, ದೃಢೀಕರಿಸಿದ ಅಧಿಕಾರಿಯ ಸಹಿ ಇಲ್ಲ, ಇಬ್ಬರ ಹೆಸರಿನ ಮುಂದೆ ಗುರುತು ಬಿದ್ದಿದೆ, ಹೀಗೆ ಯಾವುದಾದರೂ ಒಂದು ಕಂಡರೆ ತಿರಸ್ಕಾರ. ಗೆಲುವಿನ ಅಂತರಕ್ಕಿಂತ ತಿರಸ್ಕೃತ ಅಂಚೆ ಮತಗಳು ಹೆಚ್ಚಿದ್ದರೆ, ಫಲಿತಾಂಶ ಘೋಷಿಸುವ ಮೊದಲು ಅವೆಲ್ಲವನ್ನೂ ಚುನಾವಣಾಧಿಕಾರಿ ಮತ್ತೆ ಪರಿಶೀಲಿಸಲೇಬೇಕೆಂದು ಆಯೋಗದ ಸೂಚನೆಯಿದೆ. ಇಲ್ಲಿ ತಿರಸ್ಕೃತವಾದದ್ದು 111, ಅಂತರ 48. ಹಾಗಾಗಿ ಮರುಪರಿಶೀಲನೆ ನಡೆಯಿತು.

ಇಡೀ ಕ್ಷೇತ್ರದ ಮರುಎಣಿಕೆ ಬೇರೆ ವಿಷಯ. ಅದಕ್ಕೆ ಅಭ್ಯರ್ಥಿ ಅಥವಾ ಅವರ ಏಜೆಂಟ್, ಮೊತ್ತ ಓದಿ ಹೇಳಿದ ಮೇಲೆ ಮತ್ತು ಫಲಿತಾಂಶಕ್ಕೆ ಸಹಿ ಬೀಳುವ ಮೊದಲು, ಕಾರಣ ಬರೆದು ಅರ್ಜಿ ಕೊಡಬೇಕು. ಸಹಿ ಬಿದ್ದ ಮೇಲೆ ಉಳಿಯುವ ದಾರಿ ಒಂದೇ: 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ. ಕೀರ್ತಿಕರ್ ಅದನ್ನೂ ಮಾಡಿದರು, ಬಾಂಬೆ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಅರ್ಜಿ ವಜಾ ಮಾಡಿತು.

ಈ ಸಲ ದೇಶದಲ್ಲೇ ಅತಿ ಕಡಿಮೆ ಅಂತರ ನಿಮ್ಮದೇ. ಸಾರ್ವಕಾಲಿಕ ದಾಖಲೆಯಲ್ಲ: 1989ರಲ್ಲಿ ಅನಕಾಪಲ್ಲಿ, 1998ರಲ್ಲಿ ರಾಜಮಹಲ್, ಎರಡೂ ಕಡೆ 9 ಓಟಿನಲ್ಲಿ ತೀರ್ಮಾನವಾಗಿತ್ತು.

ಪ್ರಶ್ನೆ (ಡೊಂಬಿವಲಿ): ಮಹಾರಾಷ್ಟ್ರದಲ್ಲಿ ಬಿಜೆಪಿ 23ರಿಂದ 9ಕ್ಕೆ ಇಳಿಯಿತು, ಕಾಂಗ್ರೆಸ್ 1ರಿಂದ 13ಕ್ಕೆ ಏರಿತು. ಅಷ್ಟೊಂದು ಜನ ಮನಸ್ಸು ಬದಲಾಯಿಸಿದರೇ?

ಇಲ್ಲ. ಓಟಿನ ಪಾಲು ನೋಡಿ: ಬಿಜೆಪಿಗೆ 2019ರಲ್ಲಿ ಶೇ 27.84, 2024ರಲ್ಲಿ ಶೇ 26.18. ಕಾಂಗ್ರೆಸ್ಸಿಗೆ ಶೇ 16.41 ಇದ್ದದ್ದು ಶೇ 16.92. ಕಾಂಗ್ರೆಸ್ಸಿಗೆ ಅರ್ಧ ಪರ್ಸೆಂಟು ಹೆಚ್ಚಿದ್ದಕ್ಕೆ ಹನ್ನೆರಡು ಸೀಟು ಬಂತು ಎಂದು ಓದಿದರೆ ತಪ್ಪಾಗುತ್ತದೆ. 2019ರಲ್ಲಿ ಅದು 25 ಕಡೆ ನಿಂತಿತ್ತು, 2024ರಲ್ಲಿ ಬರೇ 17 ಕಡೆ. ಕಡಿಮೆ ಕಡೆ ನಿಂತೂ ಪಾಲು ಇಳಿಯಲಿಲ್ಲವೆಂದರೆ, ನಿಂತ ಕಡೆಯೆಲ್ಲ ಓಟು ದಟ್ಟವಾಗಿ ಬಿದ್ದಿದೆ ಎಂದರ್ಥ. ಬಿಜೆಪಿಯದು ಇದರ ತದ್ವಿರುದ್ಧ: 25 ಇದ್ದದ್ದು 28 ಕಡೆ ನಿಂತಿತು, ಆದರೂ ಪಾಲು ಇಳಿಯಿತು. ಪಕ್ಷವಾರು ಶೇಕಡಾ ಓದುವಾಗ ಪಕ್ಕದಲ್ಲಿ ‘ಎಷ್ಟು ಕಡೆ ನಿಂತರು’ ಎಂಬ ಕಾಲಂ ಇಲ್ಲದ ಕೋಷ್ಟಕವನ್ನು ನಂಬಬೇಡಿ.

ಎರಡು ಮೈತ್ರಿಕೂಟಗಳ (ಕಾಂಗ್ರೆಸ್, ಠಾಕ್ರೆ ಸೇನೆ, ಶರದ್ ಪವಾರ್ ಪಕ್ಷದ ಆಘಾಡಿ; ಬಿಜೆಪಿ, ಶಿಂದೆ ಸೇನೆ, ಅಜಿತ್ ಪವಾರ್ ಪಕ್ಷದ ಮಹಾಯುತಿ) ಒಟ್ಟು ಓಟು ಹೆಚ್ಚುಕಡಿಮೆ ಸಮ, ಎರಡಕ್ಕೂ ಶೇ 43ರ ಮೇಲೆ. ಸೀಟು ಮಾತ್ರ ಆಘಾಡಿಗೆ 30, ಮಹಾಯುತಿಗೆ 17. ಓಟು ಎಲ್ಲಿ ಬಿತ್ತು ಎನ್ನುವುದೇ ಇಲ್ಲಿ ಮುಖ್ಯ. ಮರಾಠವಾಡಾದ 8ರಲ್ಲಿ ಬಿಜೆಪಿಗೆ ಒಂದೂ ಇಲ್ಲ. ಮರಾಠಾ ಮೀಸಲಾತಿ ಚಳವಳಿಯ ಕಾವು ಅಲ್ಲಿ ಜೋರಾಗಿತ್ತು. ಆಘಾಡಿಗೆ 7, ಶಿಂದೆ ಶಿವಸೇನೆಗೆ ಔರಂಗಾಬಾದ್ ಒಂದು. ವಿದರ್ಭದ 10ರಲ್ಲೂ ಆಘಾಡಿಗೆ 7, ಬಿಜೆಪಿಗೆ ನಾಗಪುರ ಮತ್ತು ಅಕೋಲಾ ಮಾತ್ರ. ಈರುಳ್ಳಿ ಬೆಳೆಯುವ ದಿಂಡೋರಿ, ನಾಸಿಕ್ ಎರಡೂ ಮಹಾಯುತಿಯ ಕೈತಪ್ಪಿದವು. 2023ರ ಡಿಸೆಂಬರ್‌ನಲ್ಲಿ ಹೇರಿದ ಈರುಳ್ಳಿ ರಫ್ತು ನಿಷೇಧವನ್ನು ತೆಗೆದದ್ದು ಮೇ 4ರಂದು, ರಾಜ್ಯದಲ್ಲಿ ಆಗಲೇ ಎರಡು ಹಂತದ ಮತದಾನ ಮುಗಿದಿತ್ತು. ಮಹಾಯುತಿಯ ಕೈ ಹಿಡಿದದ್ದು ಕೊಂಕಣ ಪಟ್ಟಿ: ಪಾಲ್ಘರ್, ನಿಮ್ಮ ಡೊಂಬಿವಲಿ ಸೇರಿರುವ ಕಲ್ಯಾಣ್, ಠಾಣೆ, ರಾಯಗಡ, ರತ್ನಾಗಿರಿ-ಸಿಂಧುದುರ್ಗ. ಈ ಸಾಲಿನಲ್ಲಿ ಭಿವಂಡಿ ಮಾತ್ರ ಶರದ್ ಪವಾರ್ ಪಕ್ಷಕ್ಕೆ ಹೋಯಿತು. ಮುಂಬೈಯ ಆರರಲ್ಲಿ ಠಾಕ್ರೆ ಬಣಕ್ಕೆ 3, ಬಿಜೆಪಿ, ಶಿಂದೆ ಬಣ, ಕಾಂಗ್ರೆಸ್ಸಿಗೆ ತಲಾ 1.

ಊರಿನ ಲೆಕ್ಕವನ್ನೂ ಕೆಲವರು ಕೇಳಿದ್ದಾರೆ. ಕರ್ನಾಟಕದಲ್ಲಿ ಬಿಜೆಪಿಗೆ ಶೇ 46.06, ಕಾಂಗ್ರೆಸ್ಸಿಗೆ ಶೇ 45.43. ಸೀಟು 17 ಮತ್ತು 9, ಜೆಡಿಎಸ್‌ಗೆ 2. ಕಾಂಗ್ರೆಸ್ಸಿನ 9ರಲ್ಲಿ 5 ಕಲ್ಯಾಣ ಕರ್ನಾಟಕದವು: ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಕಿತ್ತೂರು ಕರ್ನಾಟಕದಲ್ಲಿ (ಹಿಂದಿನ ಮುಂಬೈ ಕರ್ನಾಟಕ) ಅದಕ್ಕೆ ದಕ್ಕಿದ್ದು ಚಿಕ್ಕೋಡಿ ಒಂದೇ.

ಪ್ರಶ್ನೆ (ಹಡಪ್ಸರ್): ಪುಣೆಯಲ್ಲಿ ಮುರಳೀಧರ ಮೊಹೋಲ್ ಗೆದ್ದರು. ಹಾಗಿದ್ದರೆ ಅವರೇ ನಮ್ಮ ಸಂಸದರಲ್ಲವೇ?

ಅಲ್ಲ, ನಿಮ್ಮ ಸಂಸದರು ಅಮೋಲ್ ಕೋಲ್ಹೆ. ಹಡಪ್ಸರ್ ಶಿರೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದೆ, ಭೋಸರಿಯೂ ಹಾಗೆಯೇ. ಪಿಂಪ್ರಿ ಮತ್ತು ಚಿಂಚ್‌ವಾಡ್ ಮಾವಳಕ್ಕೆ. ಆ ಕ್ಷೇತ್ರ ಘಾಟ್ ಇಳಿದು ಪನ್ವೇಲ್, ಕರ್ಜತ್, ಉರಣ್‌ವರೆಗೆ ಚಾಚಿದೆ. ಸಿಂಹಗಡ ರಸ್ತೆ ಕಡೆಯ ಖಡಕ್‌ವಾಸಲಾ ಬಾರಾಮತಿಗೆ. ಪುಣೆ ಕ್ಷೇತ್ರವೆಂದರೆ ವಡಗಾಂವ್ ಶೇರಿ, ಶಿವಾಜಿನಗರ, ಕೊಥ್ರೂಡ್, ಪರ್ವತಿ, ಕಂಟೋನ್ಮೆಂಟ್, ಕಸಬಾ ಪೇಠ್, ಇಷ್ಟೇ.

ನಗರ, ಗ್ರಾಮೀಣ ಎಂದು ವಿಂಗಡಿಸುವಾಗ ಇದು ಮರೆತುಹೋಗುತ್ತದೆ. ಪುಣೆ ಜಿಲ್ಲೆಯ ನಾಲ್ಕರಲ್ಲಿ ಬಿಜೆಪಿ ಪುಣೆಯನ್ನು 1,23,038ರಿಂದ, ಶಿಂದೆ ಸೇನೆ ಮಾವಳವನ್ನು 96,615ರಿಂದ, ಶರದ್ ಪವಾರ್ ಪಕ್ಷ ಶಿರೂರನ್ನು 1,40,951ರಿಂದ, ಬಾರಾಮತಿಯನ್ನು 1,58,333ರಿಂದ ಗೆದ್ದವು. ಬಾರಾಮತಿಯಲ್ಲಿ ಅಜಿತ್ ಪವಾರ್ ಪಕ್ಷದ ಸುನೇತ್ರಾ ಪವಾರ್ ಮುಂದಿದ್ದ ವಿಧಾನಸಭಾ ಕ್ಷೇತ್ರ ಒಂದೇ, ಅದು ನಗರಕ್ಕೆ ಅಂಟಿಕೊಂಡಿರುವ ಖಡಕ್‌ವಾಸಲಾ. ಬಾರಾಮತಿ ವಿಧಾನಸಭಾ ಕ್ಷೇತ್ರದಲ್ಲೂ ಶರದ್ ಪವಾರ್ ಪಕ್ಷದ ಸುಪ್ರಿಯಾ ಸುಳೆಯವರೇ ಮುಂದೆ.

ಪ್ರಶ್ನೆ (ಪಿಂಪ್ರಿ): ಸಾತಾರಾದಲ್ಲಿ ‘ತುತಾರಿ’ ಚಿಹ್ನೆಯ ಗೊಂದಲದಿಂದಲೇ ಶರದ್ ಪವಾರ್ ಪಕ್ಷಕ್ಕೆ ಸೋಲಾಯಿತು ಎನ್ನುತ್ತಾರೆ. ಹೌದೇ?

ಗೊಂದಲಕ್ಕೆ ಕಾರಣವಂತೂ ಇತ್ತು. ಶರದ್ ಪವಾರ್ ಪಕ್ಷದ ಚಿಹ್ನೆ ತುತಾರಿ (ಕಹಳೆ) ಊದುವ ಮನುಷ್ಯ. ಪಕ್ಷೇತರರಿಗೆ ಕೊಡುವ ಮುಕ್ತ ಚಿಹ್ನೆಗಳಲ್ಲಿ ಟ್ರಂಪೆಟ್ ಕೂಡ ಇತ್ತು, ಮರಾಠಿಯಲ್ಲಿ ಅದಕ್ಕೂ ತುತಾರಿ ಎಂದೇ ಹೆಸರು. ಸಾತಾರಾದಲ್ಲಿ ಬಿಜೆಪಿಯ ಉದಯನ್‌ರಾಜೆ ಭೋಸಲೆ ಗೆದ್ದದ್ದು 32,771ರಿಂದ. ಟ್ರಂಪೆಟ್ ಹಿಡಿದ ಪಕ್ಷೇತರರಿಗೆ ಬಿದ್ದದ್ದು 37,062. ಅವುಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಓಟು ಪವಾರ್ ಪಕ್ಷಕ್ಕೆ ಹೋಗಬೇಕಿದ್ದವು ಎಂದಾದರೆ ಮಾತ್ರ ಫಲಿತಾಂಶ ತಿರುಗುತ್ತಿತ್ತು. ‘ಅದರಿಂದಲೇ’ ಎಂದು ಅಷ್ಟು ಖಚಿತವಾಗಿ ಹೇಳಲಾಗದು. ದಿಂಡೋರಿಯಲ್ಲಿ ಇದೇ ಚಿಹ್ನೆ ಹಿಡಿದು, ಅಡ್ಡಹೆಸರೂ ಹೊಂದುತ್ತಿದ್ದ ಪಕ್ಷೇತರರಿಗೆ ಲಕ್ಷಕ್ಕೂ ಹೆಚ್ಚು ಓಟು ಬಿದ್ದರೂ ಪವಾರ್ ಪಕ್ಷ ಗೆದ್ದೇ ಗೆದ್ದಿತು. ವಿಧಾನಸಭಾ ಚುನಾವಣೆಗೆ ಮುನ್ನ ಟ್ರಂಪೆಟ್ ಚಿಹ್ನೆಯನ್ನು ತಡೆಹಿಡಿಯಬೇಕೆಂಬ ಪವಾರ್ ಪಕ್ಷದ ಬೇಡಿಕೆಯನ್ನು ಆಯೋಗ ಒಪ್ಪಲಿಲ್ಲ.

ಪ್ರಶ್ನೆ (ವಾಸ್ಕೊ): ಗೋವಾದ ಎರಡರಲ್ಲಿ ಒಂದು ಬಿಜೆಪಿಗೆ, ಒಂದು ಕಾಂಗ್ರೆಸ್ಸಿಗೆ. ಇಷ್ಟು ಸಣ್ಣ ರಾಜ್ಯದಲ್ಲಿ ಇಷ್ಟು ವ್ಯತ್ಯಾಸ ಏಕೆ?

ಸಾಲ್ಸೆಟ್ ತಾಲೂಕಿನ ಕಾರಣಕ್ಕೆ. 40 ವಿಧಾನಸಭಾ ಕ್ಷೇತ್ರಗಳು ಉತ್ತರಕ್ಕೆ 20, ದಕ್ಷಿಣಕ್ಕೆ 20 ಎಂದು ಹಂಚಿಕೆಯಾಗಿವೆ. ನಿಮ್ಮ ವಾಸ್ಕೊ ದಕ್ಷಿಣದಲ್ಲಿದೆ. ಉತ್ತರದಲ್ಲಿ ಶ್ರೀಪಾದ ನಾಯಕ್ 1,16,015ರಿಂದ ಸಲೀಸಾಗಿ ಗೆದ್ದರು. ದಕ್ಷಿಣದಲ್ಲಿ ಕಾಂಗ್ರೆಸ್ಸಿನ ವಿರಿಯಾತೊ ಫರ್ನಾಂಡಿಸ್ 2,17,836, ಬಿಜೆಪಿಯ ಪಲ್ಲವಿ ಡೆಂಪೊ 2,04,301, ಅಂತರ 13,535. ಸಾಲ್ಸೆಟ್‌ನ ನುವೇ, ಕುಡ್ತರಿ, ಬಾಣಾವಲಿ, ವೆಳಿ ಕಡೆಯ ಕಾಂಗ್ರೆಸ್ ಲೀಡನ್ನು ಒಳನಾಡಿನ ಕ್ಷೇತ್ರಗಳಿಗೆ ಸರಿಗಟ್ಟಲಾಗಲಿಲ್ಲ. 2019ರಲ್ಲೂ ಇದೇ ಕತೆ, ಆಗ ಅಂತರ 9,755.

ಪ್ರಶ್ನೆ (ಠಾಣೆ, ಮೂಲ ಊರು ಜತ್): ಒಂದು ಪತ್ರಿಕೆ ಆಘಾಡಿಗೆ 30 ಎನ್ನುತ್ತದೆ, ಇನ್ನೊಂದು 31. ಕಾಂಗ್ರೆಸ್ಸಿಗೂ 99, 100 ಎಂದು ಎರಡು ಸಂಖ್ಯೆ. ಯಾವುದು ಸರಿ?

ನಿಮ್ಮ ಜತ್ ಇರುವ ಸಾಂಗ್ಲಿಯೇ ಈ ಗೊಂದಲದ ಮೂಲ. ಸೀಟು ಹಂಚಿಕೆಯಲ್ಲಿ ಸಾಂಗ್ಲಿ ಠಾಕ್ರೆ ಬಣಕ್ಕೆ ಹೋಯಿತು. ಕಾಂಗ್ರೆಸ್ಸಿನ ವಿಶಾಲ್ ಪಾಟೀಲ್ ಬಂಡಾಯವೆದ್ದು ಪಕ್ಷೇತರರಾಗಿ ನಿಂತು ಲಕ್ಷ ಓಟಿನಿಂದ ಗೆದ್ದರು, ಬೆನ್ನಿಗೇ ಕಾಂಗ್ರೆಸ್ಸಿಗೆ ಬೆಂಬಲದ ಪತ್ರ ಕೊಟ್ಟರು. ಆಯೋಗದ ಲೆಕ್ಕದಲ್ಲಿ ಅವರು ಇಂದಿಗೂ ಪಕ್ಷೇತರ; ಅವರನ್ನು ಸೇರಿಸಿ ಎಣಿಸಿದವರಿಗೆ 31 ಮತ್ತು 100 ಬರುತ್ತದೆ. ಕಾಂಗ್ರೆಸ್ 99, ಬಿಜೆಪಿ 240 ಎಂದು ಆಯೋಗ ಪಕ್ಷವಾರು ಮಾತ್ರ ಹೇಳುತ್ತದೆ. ಎನ್‌ಡಿಎ 293, ‘ಇಂಡಿಯಾ’ 234 ಎಂಬ ಕೂಡಿಕೆ ಪತ್ರಿಕೆಗಳದು. ಯಾವ ಪತ್ರಿಕೆ ಯಾರನ್ನು ಯಾವ ಬುಟ್ಟಿಗೆ ಹಾಕಿದೆ ಎಂದು ಅಡಿಯ ಸಣ್ಣ ಅಕ್ಷರದಲ್ಲಿ ನೋಡಿಕೊಳ್ಳಿ. ಇನ್ನೊಂದು ಮಾತು: 2019ರ ‘ಶಿವಸೇನೆ 18’ ಸಂಖ್ಯೆಯನ್ನು 2024ರ ಶಿಂದೆ ಸೇನೆಯ 7ರ ಪಕ್ಕ ಇಟ್ಟು ಇಳಿಕೆ ತೋರಿಸುವ ಕೋಷ್ಟಕಗಳು ದಾರಿ ತಪ್ಪಿಸುತ್ತವೆ. ನಡುವೆ ಪಕ್ಷವೇ ಒಡೆದಿದೆ. ಬಿಲ್ಲುಬಾಣ ಶಿಂದೆಯವರಿಗೆ ಹೋಯಿತು, ಠಾಕ್ರೆಯವರು ಉರಿಯುವ ಪಂಜಿನ ಮೇಲೆ 9 ಗೆದ್ದರು.

ಪ್ರಶ್ನೆ (ಸಾಂತಾಕ್ರೂಜ್): ಉಡುಪಿ-ಚಿಕ್ಕಮಗಳೂರಿನಲ್ಲಿ ಏಪ್ರಿಲ್ 26ಕ್ಕೆ ಮತದಾನ, ಇಲ್ಲಿ ಮೇ 20ಕ್ಕೆ. ಎರಡೂ ಕಡೆ ಹೆಸರಿದ್ದರೆ?

ಎರಡೂ ಕಡೆ ಹೆಸರಿರುವುದೇ ತಪ್ಪು. ಕಾನೂನಿನ ಪ್ರಕಾರ ಒಬ್ಬರ ಹೆಸರು ಒಂದೇ ಕ್ಷೇತ್ರದಲ್ಲಿ, ಒಂದೇ ಸಲ ಇರಬೇಕು. ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ. ಊರಿನಿಂದ ಇಲ್ಲಿಗೆ ಬದಲಾಯಿಸಿಕೊಳ್ಳಲು ಫಾರ್ಮ್ 8 ಸಾಕು, ಹೊಸದಾಗಿ ಫಾರ್ಮ್ 6 ಹಾಕಬೇಡಿ. ಎರಡು ಕಡೆ ಹೆಸರು ಬರುವುದು ಹೆಚ್ಚಾಗಿ ಹೀಗೆ ಫಾರ್ಮ್ 6 ಹಾಕಿದ್ದರಿಂದಲೇ. ಈಗಾಗಲೇ ಎರಡು ಕಡೆ ಇದ್ದರೆ, ಬೇಡವಾದ ಕಡೆ ತೆಗೆಸಲು ಫಾರ್ಮ್ 7 ಕೊಡಿ, ಅರ್ಜಿಯ ಉಲ್ಲೇಖ ಸಂಖ್ಯೆ ಬರೆದಿಟ್ಟುಕೊಳ್ಳಿ.